ಜಾತ್ರೆಯ ಹುಲಿ, ನರಸೀಪುರದ ಚಿರತೆ

ನಂಜನಗೂಡಿನಲ್ಲಿ ರಸಬಾಳೆ ಗೊನೆಯನ್ನು ಯಾವತ್ತು ಕಡಿಯಬೇಕೆಂದು ತೀರ್ಮಾನಿಸುವುದು ಬೆಳೆದವನಲ್ಲ, ಕೋತಿ. ಸಂಜೆ ಹೊತ್ತು ಕಾಯನ್ನು ಒತ್ತಿ ನೋಡಿ ‘ಇನ್ನೊಂದು ವಾರ ಹೋಗಲಿ’ ಅಂದ ಮಾತು ಅವಕ್ಕೆ ಹೇಗೋ ತಲುಪುತ್ತದೆ. ಮಾರನೆಯ ಬೆಳಿಗ್ಗೆ ಹಿತ್ತಿಲಿಗೆ ಹೋದರೆ ಗೊನೆಯ ಜಾಗದಲ್ಲಿ ಬರೀ ದಿಂಡು ತೂಗುತ್ತಿರುತ್ತದೆ, ಕೆಳಗೆ ಅರ್ಧ ಕಚ್ಚಿ ಎಸೆದ ಕಾಯಿಗಳು. ಪೂರ್ತಿ ತಿಂದಿದ್ದರೆ ಪಾಪ ಹಸಿದಿತ್ತು ಎಂದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಇವು ರುಚಿ ನೋಡಿ ಬಿಸಾಡುತ್ತವೆ, ಬೀಗರೂಟದಲ್ಲಿ ಗಂಡಿನ ಕಡೆಯವರು ಮಾಡುವ ಹಾಗೆ.

ಬೇರೆ ಬಾಳೆಯಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ರಸಬಾಳೆಯ ಕಥೆ ಬೇರೆ. ದೇವರಸನಹಳ್ಳಿ ಸುತ್ತಿನ ಮಣ್ಣಿನಲ್ಲಿ ಮೆರೆದ ಈ ತಳಿಯನ್ನು ಪನಾಮಾ ಸೊರಗು ರೋಗ ಹೆಚ್ಚುಕಮ್ಮಿ ಮುಗಿಸಿಯೇ ಬಿಟ್ಟಿತ್ತು. ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು, ಹಣ್ಣು ಸಿಗುವುದು ಮಾತ್ರ ಕಷ್ಟವಾಯಿತು. ಅಂಥದ್ದರಲ್ಲಿ ನನ್ನ ಹಿತ್ತಿಲಿನಲ್ಲಿ ಕೆಲವು ಕಂದು ಬದುಕಿ, ಬೆಳೆದು, ಗೊನೆ ಹಾಕಿದಾಗ ನಾನು ಬೀದಿಯಲ್ಲಿ ನಡೆಯುವ ಗತ್ತೇ ಬದಲಾಗಿತ್ತು. ಕೋತಿಗಳು ಬಂದು ಆ ಗತ್ತನ್ನು ಇಳಿಸಿದವು.

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಲೇ ತಲೆ ನೆರೆಸಿಕೊಂಡವನು ನಾನು. ಸಮಸ್ಯೆಗೆ ಕಲ್ಲು ಎಸೆಯುವುದು ನಮ್ಮ ಸಂಪ್ರದಾಯವಲ್ಲ. ಮೊದಲು ಬೆರ್ಚಪ್ಪನನ್ನು ನಿಲ್ಲಿಸಿದೆ. ಎರಡು ಕೋಲು, ಒಂದಷ್ಟು ಹುಲ್ಲು, ಸುಣ್ಣದ ಬೊಟ್ಟಿಟ್ಟ ಮಡಕೆ, ಮೇಲೊಂದು ನನ್ನ ಹಳೇ ಷರಟು, ಕನ್ನಡಕದ ಹಳೇ ಫ್ರೇಮು. ಆಚೆ ಮನೆಯವರು ಕಾಂಪೌಂಡಿನ ಮೇಲಿಂದ ‘ಏನ್ ಮೇಷ್ಟ್ರೇ, ಬಿಸಿಲಲ್ಲಿ ನಿಂತ್ಬಿಟ್ಟಿದ್ದೀರಿ, ಕಾಫಿ ಆಯ್ತಾ?’ ಎಂದು ಅದನ್ನು ಮಾತನಾಡಿಸಿದರು. ಉತ್ತರ ಬರದೆ ಇದ್ದದ್ದಕ್ಕೆ ಬೇಜಾರು ಮಾಡಿಕೊಂಡು ನನ್ನ ಹೆಂಡತಿಯ ಹತ್ತಿರ ದೂರು ಹೇಳಿದರು. ಮನುಷ್ಯರನ್ನು ಇಷ್ಟು ಚೆನ್ನಾಗಿ ನಂಬಿಸಿದ ಬೆರ್ಚಪ್ಪನನ್ನು ಕೋತಿಗಳು ಲೆಕ್ಕಕ್ಕೇ ಇಡಲಿಲ್ಲ. ಕನ್ನಡಕವನ್ನು ಒಂದು ಮರಿ ಹಾಕಿಕೊಂಡು ಮಾವಿನ ಮರ ಹತ್ತಿತು. ಅದರ ಮುಖಕ್ಕೆ ಆ ಫ್ರೇಮು ನನಗಿಂತ ಚೆನ್ನಾಗಿ ಕೂತಿತ್ತು.

ಆಮೇಲೆ ಓದಲು ಕೂತೆ. ನಿವೃತ್ತ ಮೇಷ್ಟ್ರುಗಳ ಕೈಗೆ ಓದು ಸಿಕ್ಕರೆ ಆಗುವ ಅನಾಹುತಗಳ ಬಗ್ಗೆ ಯಾರಾದರೂ ಬೇರೆಯೇ ಬರೆಯಬೇಕು.

ಓದುತ್ತಾ ಓದುತ್ತಾ ಗೊತ್ತಾಯಿತು, ಬೆಳೆ ಕಾಯುವ ವಿದ್ಯೆಯಲ್ಲಿ ಅರ್ಧಕ್ಕರ್ಧ ಮೋಸದ ವಿದ್ಯೆ. ಟೊಮೆಟೊ ಹಾಕುವವರು ಹದಿನಾರು ಸಾಲಿಗೊಂದು ಸಾಲು ಚೆಂಡುಹೂ ಹಾಕಬೇಕು ಎಂದು ಬೆಂಗಳೂರು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೇಳಿಕೊಟ್ಟಿದ್ದಾರೆ. ಕಾಯಿಕೊರಕದ ಪತಂಗ ಹೂವಿನ ಚಂದಕ್ಕೆ ಮರುಳಾಗಿ ಅಲ್ಲೇ ಮೊಟ್ಟೆ ಇಡುತ್ತದೆ, ಟೊಮೆಟೊ ಉಳಿಯುತ್ತದೆ, ಮೇಲೆ ಹೂವೂ ಮಾರಾಟಕ್ಕೆ ಸಿಗುತ್ತದೆ. ತೆಂಗಿನ ತೋಟದಲ್ಲಿ ನೇತುಹಾಕುವ ಬಕೆಟ್ಟಿನಲ್ಲಿ ಕೆಂಪು ಮೂತಿ ಹುಳುವಿನ ವಾಸನೆಯನ್ನೇ ಹೋಲುವ ಮದ್ದಿನ ಪೊಟ್ಟಣ ಇರುತ್ತದೆ. ‘ಬನ್ರೋ, ಇಲ್ಲಿ ನಮ್ಮವರೆಲ್ಲ ಸೇರಿದ್ದೀವಿ’ ಎನ್ನುವ ಕರೆ ಅದು. ಬಂಧುಬಳಗ ಇದೆಯೆಂದು ಬಂದ ಹುಳು ನೀರಿಗೆ ಬಿದ್ದು ಸಾಯುತ್ತದೆ. ಮಾವಿಗೆ ಬರುವ ಹಣ್ಣು ನೊಣಕ್ಕೆ ಮೀಥೈಲ್ ಯುಜಿನಾಲ್ ಅದ್ದಿದ ಪ್ಲೈವುಡ್ ಚೂರು ಸಾಕು. ಇದನ್ನು ಮೋಹಕ ಬಲೆ ಎನ್ನುತ್ತಾರೆ. ನಮ್ಮ ಹಿತ್ತಿಲ ಮಾವಿಗೂ ಒಂದನ್ನು ಕಟ್ಟಿ, ಬಿದ್ದ ನೊಣಗಳನ್ನು ಕಾಗದದ ಮೇಲೆ ಸುರಿದು ಹೆಂಡತಿಗೆ ತೋರಿಸಿದೆ.

‘ಇದರ ವಿಶೇಷ ಏನು ಗೊತ್ತಾ? ಇದಕ್ಕೆ ಗಂಡು ನೊಣ ಮಾತ್ರ ಬೀಳುತ್ತೆ.’

‘ಅದರಲ್ಲೇನ್ರೀ ವಿಶೇಷ?’ ಅಂದಳು.

ಕೋತಿಗೆ ಮೋಹಕ ಬಲೆ ಇಲ್ಲ. ಅದಕ್ಕೆ ಭಯವೇ ಮದ್ದು ಎಂದು ನನಗೆ ಹೇಳಿಕೊಟ್ಟದ್ದು ಮಲೆನಾಡು. 2019ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ರೈತರೊಬ್ಬರು ತಮ್ಮ ನಾಯಿಗೆ ಕೂದಲಿಗೆ ಹಚ್ಚುವ ಬಣ್ಣದಿಂದ ಹುಲಿಪಟ್ಟೆ ಬಳಿದು ಕಾಫಿ ತೋಟ ಕಾಯಲು ಬಿಟ್ಟದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅದಕ್ಕೂ ಮೊದಲು ಅವರು ಹುಲಿಬೊಂಬೆ ಇಟ್ಟು ನೋಡಿದ್ದರಂತೆ. ಅದು ಕೆಲಸ ಮಾಡಿತ್ತು, ಬಿಸಿಲಿಗೆ ಬಣ್ಣ ಹೋದದ್ದರಿಂದ ನಾಯಿಗೆ ಬಡ್ತಿ ಸಿಕ್ಕಿತ್ತು. ನಮ್ಮ ಮನೆಯಲ್ಲಿ ನಾಯಿಯಿಲ್ಲ. ಹೆಂಡತಿಯ ಹೇರ್ ಡೈ ಇತ್ತು, ಆದರೆ ಅದನ್ನು ಮುಟ್ಟುವ ಧೈರ್ಯ ಇರಲಿಲ್ಲ. ಬೊಂಬೆಯೇ ಸರಿ ಎಂದುಕೊಂಡೆ.

ಈ ವಿಚಾರದಲ್ಲಿ ನನ್ನನ್ನು ಹುರಿದುಂಬಿಸಿದ್ದು ನಮ್ಮದೇ ತಾಲ್ಲೂಕಿನ ಸುದ್ದಿ. 2023ರ ನವೆಂಬರಿನಲ್ಲಿ ಹೆಡಿಯಾಲ ಕಡೆಯ ಬಳ್ಳೂರುಹುಂಡಿಯಲ್ಲಿ ಮಹಿಳೆಯೊಬ್ಬರನ್ನು ಹುಲಿ ಕೊಂದಾಗ, ಆ ಹುಲಿಯ ಸೆರೆಗೆ ಅರಣ್ಯ ಇಲಾಖೆಯವರು ಹಸುವಿನ ಬೊಂಬೆಯನ್ನೂ ಬಳಸಿದ್ದರು. ಹುಲಿ ಸೆರೆಯಾಯಿತು. ಸುಂದರಬನದಲ್ಲಿ 1980ರ ದಶಕದಲ್ಲಿ ಕಾಡಿಗೆ ಹೋಗುವವರು ಹಿಂದಲೆಗೆ ಮನುಷ್ಯನ ಮುಖವಾಡ ಕಟ್ಟಿಕೊಂಡು ಹುಲಿಯಿಂದ ಪಾರಾಗುತ್ತಿದ್ದರು. ಹುಲಿ ಹಿಂದಿನಿಂದ ಎರಗುವ ಪ್ರಾಣಿ, ಎರಡೂ ಕಡೆ ಮುಖವಿರುವವನನ್ನು ಏನು ಮಾಡಬೇಕೆಂದು ಅದಕ್ಕೆ ತೋಚುತ್ತಿರಲಿಲ್ಲ. (ನಮ್ಮ ಆಫೀಸುಗಳಲ್ಲಿ ಅಂಥವರು ಬಹಳ ಮಂದಿ ಇದ್ದಾರೆ, ಹುಲಿಗಳು ಅಭ್ಯಾಸ ಮಾಡಿಕೊಳ್ಳಬಹುದು.) ಬೆಂಗಳೂರಿನಲ್ಲಿ 2019ರಲ್ಲಿ ಟ್ರಾಫಿಕ್ ಪೊಲೀಸರ ಸಮವಸ್ತ್ರ ತೊಡಿಸಿದ ಬಟ್ಟೆ ಅಂಗಡಿಯ ಬೊಂಬೆಗಳನ್ನು ಸರ್ಕಲ್ಲುಗಳಲ್ಲಿ ನಿಲ್ಲಿಸಿದ್ದರು. ಹುಲಿ, ಬೈಕ್ ಸವಾರ, ಇಬ್ಬರಿಗೂ ಬೊಂಬೆ ಸಾಕು ಎಂದಮೇಲೆ ನಂಜನಗೂಡಿನ ಕೋತಿ ಯಾವ ಲೆಕ್ಕ?

ದೊಡ್ಡ ಜಾತ್ರೆ ಬಂತು. ಗೌತಮ ಪಂಚ ಮಹಾರಥೋತ್ಸವದ ದಿನ ಐದು ತೇರೂ ಎಳೆದು, ಜನ ಕಪಿಲೆಯ ಕಡೆಗೋ ಕಡ್ಲೆಪುರಿಯ ಕಡೆಗೋ ಹೊರಳುವ ಹೊತ್ತಿಗೆ ನಾನು ಆಟದ ಸಾಮಾನಿನ ಅಂಗಡಿ ಮುಂದೆ ನಿಂತಿದ್ದೆ. ಅಲ್ಲಿ ಮೂರು ಹುಲಿಗಳಿದ್ದವು. ಚಿಕ್ಕದು ಬೆಕ್ಕಿನ ಗಾತ್ರ, ನಾನೂರು ರೂಪಾಯಿ. ದೊಡ್ಡದು ಕರುವಿನ ಗಾತ್ರ, ಸಾವಿರದ ಇನ್ನೂರು. ನಡುವಿನದು ನಾಯಿಮರಿಗಿಂತ ಸ್ವಲ್ಪ ದೊಡ್ಡದು, ಒಂದು ಕಿವಿ ಬೇರೆ ಸೊಟ್ಟ, ಅದಕ್ಕೆ ಸಾವಿರದ ನೂರು. ನಾನು ಮನೆಯಿಂದ ಹೊರಟದ್ದು ನಾನೂರರ ಲೆಕ್ಕದಲ್ಲಿ. ಆದರೆ ಆ ಸೊಟ್ಟ ಕಿವಿಯದಕ್ಕೇ ಸಾವಿರದ ನೂರು ಅಂದಮೇಲೆ, ಬರೀ ನೂರು ಸೇರಿಸಿದರೆ ಕರುವಿನಂಥ ಹುಲಿ ಬರುತ್ತದಲ್ಲ! ಅಂಗಡಿಯವನ ಅಜ್ಞಾನಕ್ಕೆ ಮನಸ್ಸಿನಲ್ಲೇ ನಕ್ಕು ದೊಡ್ಡದನ್ನು ಹೊತ್ತು ತಂದೆ.

ಮೂರರಲ್ಲಿ ನಡುವಿನದು ಮಾರುವುದಕ್ಕಲ್ಲ, ಪಕ್ಕದ್ದನ್ನು ಮಾರಿಸುವುದಕ್ಕೆ ಇಟ್ಟದ್ದು. 1982ರಲ್ಲಿ ಹ್ಯೂಬರ್, ಪೇನ್, ಪ್ಯೂಟೋ ಎಂಬ ಅಮೆರಿಕದ ಮೂವರು ಸಂಶೋಧಕರು ಇದನ್ನು ಪ್ರಯೋಗ ಮಾಡಿ ಬರೆದಿದ್ದಾರೆ. ಮಾರಬೇಕಾದ ವಸ್ತುವಿಗಿಂತ ಒಂದು ಕೈ ಕಡಿಮೆ ಇರುವುದನ್ನು ಅದರ ಪಕ್ಕದಲ್ಲಿಟ್ಟರೆ ಗಿರಾಕಿ ದುಬಾರಿಯದನ್ನು ಅಗ್ಗ ಎಂದು ತಿಳಿದು ಕೊಳ್ಳುತ್ತಾನೆ. ಸಿನಿಮಾ ಥಿಯೇಟರಿನ ಮಧ್ಯಮ ಗಾತ್ರದ ಪಾಪ್‌ಕಾರ್ನ್ ಡಬ್ಬಕ್ಕೂ ಇದೇ ಉದ್ಯೋಗ. ಇದನ್ನು ನಾನು ಓದಿದ್ದು ಜಾತ್ರೆ ಮುಗಿದ ಮೇಲೆ. ಜಾತ್ರೆಯ ಅಂಗಡಿಯವನು ಓದದೆಯೇ ತಿಳಿದುಕೊಂಡಿದ್ದ. ಮಾರನೆಯ ದಿನ ಅದೇ ದಾರಿಯಲ್ಲಿ ಹೋದಾಗ ಸೊಟ್ಟ ಕಿವಿಯ ಹುಲಿ ಅಲ್ಲೇ ಕೂತು ಇನ್ನೊಬ್ಬ ಮೇಷ್ಟ್ರಿಗಾಗಿ ಕಾಯುತ್ತಿತ್ತು. ಅದರ ಪಕ್ಕದಲ್ಲಿ ಹೊಸದೊಂದು ದೊಡ್ಡ ಹುಲಿ.

ಹುಲಿಯನ್ನು ಬಾಳೆಯ ಬುಡದಲ್ಲಿ ಕೂರಿಸಿದ ಮೊದಲ ದಿನ ಕೋತಿಗಳು ಕಾಂಪೌಂಡಿನ ಆಚೆಯೇ ನಿಂತವು. ನಾನು ಕಿಟಕಿಯಲ್ಲಿ ಕಾಫಿ ಕುಡಿಯುತ್ತಾ ಇದನ್ನು ಹೆಂಡತಿಗೆ, ಪಕ್ಕದ ಮನೆಯವರಿಗೆ, ಹಾಲಿನವನಿಗೆ ತೋರಿಸಿದೆ. ಆಮೇಲೆ ಒಂದು ಗಡವ ಕೋತಿ ಇಳಿದು ಬಂತು. ದೂರದಿಂದ ಒಂದು ಕಾಯಿ ಎಸೆಯಿತು. ಹುಲಿ ಅಲುಗಲಿಲ್ಲ. ಹತ್ತಿರ ಬಂದು ಬಾಲ ಎಳೆಯಿತು. ಹುಲಿ ಅಲುಗಲಿಲ್ಲ. ವಾರ ತುಂಬುವುದರೊಳಗೆ ಗುಂಪಿನ ಹೆಣ್ಣು ಕೋತಿಗಳು ಅದರ ಬೆನ್ನಿಗೊರಗಿ ಹೇನು ನೋಡಿಕೊಳ್ಳುತ್ತಿದ್ದವು. ಕಟ್ಟಿಗೆಯ ಮೇಲೆ ಕೂರುತ್ತಿದ್ದವಕ್ಕೆ ಸಾವಿರದ ಇನ್ನೂರು ರೂಪಾಯಿಯ ಮೆತ್ತೆ ಸಿಕ್ಕಿತ್ತು.

ಮರ್ಯಾದಸ್ಥನಾಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದೆ. ಆದರೆ ಅಷ್ಟರಲ್ಲಿ ನನ್ನ ಕಣ್ಣಿಗೆ ಇನ್ನೊಂದು ಅಧ್ಯಯನ ಬಿತ್ತು. ರಿಚರ್ಡ್ ಕಾಸ್, ಉಮಾ ರಾಮಕೃಷ್ಣನ್ ಮೊದಲಾದವರು ದಕ್ಷಿಣ ಭಾರತದ ಕಾಡುಗಳಲ್ಲಿ ನಮ್ಮ ಇದೇ ಜಾತಿಯ ಕೋತಿಗಳಿಗೆ ಚಿರತೆಯ ಬೊಂಬೆ ತೋರಿಸಿ ಪರೀಕ್ಷೆ ಮಾಡಿದ್ದರು. ಚುಕ್ಕೆಯ ಚಿರತೆ ಕಂಡರೆ ಕಿರುಚಿಕೊಂಡು ಮರ ಹತ್ತುವ ಕೋತಿಗಳು, ಅದೇ ಆಕಾರದ ಕಪ್ಪು ಚಿರತೆಗೆ ಅಷ್ಟು ಬೆಚ್ಚಲಿಲ್ಲವಂತೆ. ಕೋತಿಯ ಕುಲಕ್ಕೆ ಯುಗಯುಗಗಳಿಂದ ರಾತ್ರಿ ಮರ ಹತ್ತಿ ಬಂದು ಒಯ್ಯುವುದು ಚಿರತೆ. ಅದಕ್ಕೇ ಚುಕ್ಕೆಯ ಭಯ ರಕ್ತದಲ್ಲಿದೆ. ಆಗ ನನಗೆ ಜ್ಞಾನೋದಯವಾಯಿತು. ತಪ್ಪು ವಿಜ್ಞಾನದ್ದಲ್ಲ, ಪಟ್ಟೆಯದು!

ಪಟ್ಟೆಯನ್ನು ಚುಕ್ಕೆ ಮಾಡುವುದು ಕಷ್ಟವಲ್ಲ. ಹಳದಿ ಬಣ್ಣದಲ್ಲಿ ಪಟ್ಟೆಗಳನ್ನು ಅಲ್ಲಲ್ಲಿ ತುಂಡರಿಸಿ, ತುಂಡುಗಳ ಸುತ್ತ ಕಪ್ಪು ಬಣ್ಣದಲ್ಲಿ ಹೂವಿನೆಸಳಿನ ಹಾಗೆ ಮೂರು ಮೂರು ಬೊಟ್ಟು ಇಡುತ್ತಾ ಹೋದೆ. ಪುಸ್ತಕದ ಚಿತ್ರ ಪಕ್ಕದಲ್ಲಿತ್ತು. ಬೆನ್ನಿನ ಮೇಲೆ ದೊಡ್ಡ ಹೂ, ಕಾಲಿಗೆ ಬರುತ್ತಾ ಒಂಟಿ ಚುಕ್ಕೆ, ಹೊಟ್ಟೆಯ ಕೆಳಗೆ ಬಿಳಿ. ಮಾವಿನಕಾಯಿ ಉಪ್ಪಿನಕಾಯಿಗೆ ಕೂಡ ಇಷ್ಟು ಶ್ರದ್ಧೆ ನೀವು ತೋರಿಸಿದ್ದು ಕಾಣೆ ಎಂದು ಹೆಂಡತಿ ಹೇಳಿದಳು. ಮುಗಿದಾಗ ಮುಖವೊಂದು ಹುಲಿಯದೇ ಉಳಿದಿತ್ತು, ಮೈಯೆಲ್ಲ ಚಿರತೆ.

ಅದನ್ನು ನಮ್ಮ ಹಿತ್ತಿಲಿನಲ್ಲಿ ಪರೀಕ್ಷಿಸುವ ಭಾಗ್ಯ ಬರಲಿಲ್ಲ. ಅಷ್ಟು ಹೊತ್ತಿಗೆ ಅಲ್ಲಿ ಕಾಯಲು ಏನೂ ಉಳಿದಿರಲಿಲ್ಲ. ತಿ. ನರಸೀಪುರ ತಾಲ್ಲೂಕಿನ ನನ್ನ ಮಾವನ ಮನೆಯಿಂದ ಭಾವಮೈದ ಫೋನ್ ಮಾಡಿ, ‘ಭಾವ, ಕೋತಿ ಕಾಟ ತಡೆಯೋಕಾಗ್ತಿಲ್ಲ, ಎಳನೀರೆಲ್ಲ ಉದುರಿಸಿಬಿಟ್ವು’ ಅಂದ. ‘ಏನೂ ಮಾಡಬೇಡ. ನಾನು ಬರ್ತೀನಿ’ ಅಂದೆ. ಊರಿನ ಹೆಸರು ಹೇಳುವುದಿಲ್ಲ, ಇನ್ನೂ ಹೆಣ್ಣು ಕೊಟ್ಟ ಊರಿಗೆ ಹೋಗಿ ಬರುವುದಿದೆ.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿನಲ್ಲಿ ಅದನ್ನು ಕೂರಿಸಿ ಪಕ್ಕದಲ್ಲಿ ನಾನು ಕೂತೆ. ಕಂಡಕ್ಟರ್ ಬಂದು ಇಬ್ಬರನ್ನೂ ನೋಡಿದ.

‘ಎಲ್ಲಿಗೆ ಸಾರ್?’

‘ನರಸೀಪುರ. ಒಂದು.’

‘ಅವರು?’

‘ಬೊಂಬೆ ಕಣಯ್ಯಾ.’

‘ಬೊಂಬೆ ಆದ್ರೂ ಸೀಟು ಹಿಡಿದದಲ್ಲಾ ಸಾರ್. ಲಗೇಜು ಹಾಕ್ಬೇಕಾಯ್ತದೆ. ಹೆಣ್ಣಾದ್ರೆ ಹೇಳಿ, ಆಧಾರ್ ಕಾರ್ಡ್ ತೋರ್ಸಿದ್ರೆ ಜೀರೋ ಟಿಕೆಟ್ ಕೊಡ್ತೀನಿ.’

ಬಸ್ಸೆಲ್ಲ ನಕ್ಕಿತು. ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆಯಲ್ಲಿ ಕೂತಿದ್ದ ಹೆಂಗಸರು ಸ್ವಲ್ಪ ಹೆಚ್ಚೇ ನಕ್ಕರು. ಲಗೇಜು ತೆತ್ತೆ. ಅರ್ಧ ಹುಲಿ, ಅರ್ಧ ಚಿರತೆಯ ಜೊತೆ ಅರ್ಧ ಮನುಷ್ಯ ಅರ್ಧ ಸಿಂಹದ ದೇವರ ಊರಿಗೆ ಇಳಿದೆ. ತಿರುಮಕೂಡಲಿನ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ, ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದರ ಗುರುತು ಅದು. ಅವತ್ತು ಅಷ್ಟೇ ತೂಕದ ಬುದ್ಧಿಯನ್ನು ಸ್ವಾಮಿ ನನಗೆ ಕೊಟ್ಟಿದ್ದರೂ ಸಾಕಿತ್ತು.

ಯಾಕೆಂದರೆ ಆ ಸೀಮೆಯಲ್ಲಿ ಚಿರತೆ ಎನ್ನುವುದು ತಮಾಷೆಯಲ್ಲ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ಆ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ಕು ಜೀವ ಹೋಗಿದ್ದವು. ಇಬ್ಬರು ಕಾಲೇಜಿಗೆ ಹೋಗುವ ವಯಸ್ಸಿನವರು, ಒಬ್ಬ ವಯಸ್ಸಾದ ತಾಯಿ, ಹೊರಳಹಳ್ಳಿಯ ಒಬ್ಬ ಪುಟ್ಟ ಹುಡುಗ. ಕತ್ತಲಾದ ಮೇಲೆ ಹೊರಗೆ ಬರಬೇಡಿ ಎಂದು ಡಂಗುರ ಹೊಡೆದಂತೆ ಹೇಳಿದರು, ಕಬ್ಬು ಬೇಗ ಕಟಾವು ಮಾಡಿ ಎಂದು ಜಿಲ್ಲಾಡಳಿತ ಹೇಳಿತು, ಮೈಸೂರಿನಲ್ಲಿ ಚಿರತೆಗೆಂದೇ ಕಾರ್ಯಪಡೆ ಬಂತು. ಕಬ್ಬಿನ ಗದ್ದೆಗಳ ಅಂಚಿನಲ್ಲಿ ಬೋನುಗಳು ಕೂತವು. ಬೋನಿನ ಹಿಂದಿನ ಖಾನೆಯಲ್ಲಿ ಆಡನ್ನೋ ನಾಯಿಯನ್ನೋ ಕಟ್ಟಿರುತ್ತಾರೆ. ನಡುವೆ ಕಂಬಿ ಇರುವುದರಿಂದ ಚಿರತೆಗೆ ಅದು ಸಿಗುವುದಿಲ್ಲ, ಮುಂದಿನ ಖಾನೆಗೆ ಬಂದು ಹಲಗೆ ತುಳಿದ ಕೂಡಲೇ ಬಾಗಿಲು ಬೀಳುತ್ತದೆ. ಹೊಟ್ಟೆ ಹಸಿದ ಚಿರತೆ ಬರುತ್ತದೆ, ಬುದ್ಧಿ ಇರುವ ಚಿರತೆ ಬರುವುದಿಲ್ಲ. ಉತ್ತರ ಪ್ರದೇಶದ ಬುಲಂದ್‌ಶಹರದಲ್ಲಿ 2023ರಲ್ಲಿ ಇಂಥ ಬೋನಿಗೆ ಕಟ್ಟಿದ್ದ ಕೋಳಿಯ ಆಸೆಗೆ ಒಬ್ಬ ಮನುಷ್ಯನೇ ಒಳಗೆ ಹೋಗಿ ಸಿಕ್ಕಿಬಿದ್ದಿದ್ದ. ಇವೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದದ್ದು ತಲೆಯಲ್ಲಿತ್ತು, ಚಿರತೆ ಕಂಕುಳಲ್ಲಿತ್ತು. ಎರಡಕ್ಕೂ ಸಂಬಂಧವಿದೆ ಅಂತ ಹೊಳೆಯಲಿಲ್ಲ.

ತೆಂಗಿನ ತೋಟದ ನಡುವೆ, ಮನೆಗೆ ಕಾಣದ ಕಡೆ ಅದನ್ನು ಇಟ್ಟು ಬಂದೆ. ಅತ್ತೆ ಮಾಡಿದ ಮುದ್ದೆ, ಉಪ್ಸಾರು ಉಂಡು ಮಲಗಿದೆ. ನಾನು ಮಲಗಿದ ಮೇಲೆ ನಡೆದದ್ದು ಇಷ್ಟು. ತೋಟ ನೋಡಿಕೊಳ್ಳುವ ಹುಡುಗ ಅದನ್ನು ನೋಡಿ, ತೋಟಕ್ಕಿಂತ ಕಬ್ಬಿಗೆ ಹಂದಿ ಕಾಟ ಜಾಸ್ತಿ, ಅಲ್ಲಿಗೇ ಇಡೋಣ ಎಂದು ಅದನ್ನು ಎತ್ತಿಕೊಂಡು ಹೋಗಿ ಕಬ್ಬಿನ ಗದ್ದೆಯ ಬದುವಿನ ಮೇಲೆ ಕೂರಿಸಿದ್ದ. ಹೇಳಲು ನಾನು ಎದ್ದಿರಲಿಲ್ಲ, ಅವನು ತನ್ನೂರಿಗೆ ಹೋದ. ತ್ರೀಫೇಸ್ ಕರೆಂಟು ರೈತರಿಗೆ ಬರುವುದೇ ಅಪರಾತ್ರಿಯಲ್ಲಿ. ಪಕ್ಕದ ಗದ್ದೆಯವರು ಮೋಟರು ಹಾಕಲು ಹೋದರು.

‘ಚಿರ್ತೆ! ಚಿರ್ತೆ ಕೂತದೆ ಕನ್ರಪ್ಪೋ, ಬದಿನ ಮ್ಯಾಲೆ!’

ಊರು ಎದ್ದಿತು. ತಮಟೆ, ತಟ್ಟೆ, ಪಟಾಕಿ, ಮೊಬೈಲ್ ಟಾರ್ಚು. ಮಕ್ಕಳನ್ನೆಲ್ಲ ಒಳಗೆ ಹಾಕಿ ಚಿಲಕ ಹಾಕಿದರು. ನಾನು ಪಂಚೆ ಬಿಗಿದುಕೊಂಡು ತಾರಸಿ ಹತ್ತಿದೆ. ದೂರದಲ್ಲಿ, ಬ್ಯಾಟರಿಯ ಬೆಳಕಿನಲ್ಲಿ, ಕಬ್ಬಿನ ಕಪ್ಪಿನ ಮುಂದೆ ಅದು ಕೂತಿತ್ತು. ನನ್ನ ಬೊಂಬೆ ಇದ್ದದ್ದು ತೋಟದಲ್ಲಿ, ಇದು ಇದ್ದದ್ದು ಗದ್ದೆಯಲ್ಲಿ. ಹೀಗಾಗಿ ಇದು ಬೊಂಬೆಯಲ್ಲ ಎಂಬುದು ತರ್ಕಶುದ್ಧವಾಗಿತ್ತು.

‘ಬಾಲ ಆಡಿಸ್ತು, ನಾನೇ ಕಂಡೆ’ ಅಂದರು ಒಬ್ಬರು. ‘ಮರಿ ಎರಡವೆ ಅದರ ಹಿಂದ್ಕೆ’ ಅಂದರು ಇನ್ನೊಬ್ಬರು. ಯಾರೋ ‘ಮೇಷ್ಟ್ರೇ, ನೀವು ಓದ್ಕೊಂಡೋರು, ನೀವ್ ಹೇಳಿ’ ಅಂದರು. ಆ ಮಾತೊಂದು ಸಾಕು, ನನ್ನಂಥವನಿಗೆ ಬೇರೆ ಆಡು ಕಟ್ಟುವುದು ಬೇಕಿಲ್ಲ. ತಾರಸಿಯ ಅಂಚಿಗೆ ಬಂದು ನಿಂತೆ.

‘ನೋಡಿ, ಇದು ಗಂಡು. ಕತ್ತು ದಪ್ಪ ಇದೆ. ಮೈಮೇಲಿನ ಚುಕ್ಕೆ ಹೂವಿನ ಹಾಗೆ ಗುಂಪು ಗುಂಪಾಗಿದೆ, ಬೆನ್ನ ಮೇಲೆ ದೊಡ್ಡವು, ಕಾಲಿನ ಕಡೆ ಬಿಡಿ ಬಿಡಿ. ಅಪ್ಪಟ ಚಿರತೆಯ ಲಕ್ಷಣ. ಆರೇಳು ವರ್ಷ ಇರಬಹುದು.’

ಜನ ಕೇಳಿಸಿಕೊಳ್ಳುತ್ತಿದ್ದರು. ನಿವೃತ್ತಿಯಾದ ಮೇಲೆ ಇಷ್ಟು ನಿಶ್ಶಬ್ದವಾದ ತರಗತಿ ಸಿಕ್ಕಿರಲಿಲ್ಲ. ಅದೇ ಹುಮ್ಮಸ್ಸಿನಲ್ಲಿ ಮುಂದುವರಿಸಿದೆ. ‘ಯಾಕೆ ಬಂದಿದೆ ಅನ್ನೋದೂ ಹೇಳ್ತೀನಿ. ಗಂಡು ಚಿರತೆ ತನ್ನ ಸರಹದ್ದಿನಲ್ಲಿ ಇನ್ನೊಂದು ಗಂಡನ್ನ ಸಹಿಸಲ್ಲ. ತೋಟದಲ್ಲಿ ನಾನೊಂದು ಚಿರತೆ ಬೊಂಬೆ ಇಟ್ಟಿದ್ದೀನಿ. ಅದನ್ನ ನಿಜವಾದ್ದೇ ಅಂದ್ಕೊಂಡು ಜಗಳಕ್ಕೆ ಬಂದಿದೆ. ಅಂದ್ರೆ ಬೊಂಬೆ 100ಕ್ಕೆ 100 ಯಶಸ್ವಿ ಅಂತಾಯ್ತು.’

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೆಳಗಿನಿಂದ ಒಬ್ಬ ಅಜ್ಜಿ ಕೇಳಿದರು, ‘ಹಂಗಾರೆ ಚಿರ್ತೆ ಕರ್ಸಿದ್ದು ನೀನೇನಪ್ಪಾ?’

ಪ್ರಶ್ನೆಯಲ್ಲಿ ಮೆಚ್ಚುಗೆ ಇರಲಿಲ್ಲ. ಭಾವಮೈದ ನನ್ನ ಅಂಗಿ ಹಿಡಿದು ಹಿಂದಕ್ಕೆಳೆದ. ಮೇಷ್ಟ್ರನ್ನೇ ಬೋನಿಗೆ ಕಟ್ಟಿ ಎಂದು ಕತ್ತಲಿನಿಂದ ಯಾರೋ ಸಲಹೆ ಕೊಟ್ಟರು. ಅಷ್ಟರಲ್ಲಿ ಅರಣ್ಯ ಇಲಾಖೆಯ ಜೀಪು ಬಂತು, ಬಚಾವಾದೆ ಅಂದುಕೊಂಡೆ.

ಜೀಪಿನಿಂದ ಇಳಿದವರಲ್ಲಿ ವಯಸ್ಸಾದ ವಾಚರ್ ಒಬ್ಬರಿದ್ದರು. ಎಲ್ಲರನ್ನೂ ಸುಮ್ಮನಿರಿಸಿ ದೊಡ್ಡ ಟಾರ್ಚನ್ನು ಅದರ ಮುಖಕ್ಕೇ ಬಿಟ್ಟರು. ಎಡಕ್ಕೆ ಸರಿದು ಬಿಟ್ಟರು, ಬಲಕ್ಕೆ ಸರಿದು ಬಿಟ್ಟರು. ‘ಕಣ್ಣು ಹೊಳೀತಿಲ್ಲವಲ್ಲ ಸಾರ್’ ಎಂದು ತಮ್ಮ ಸಾಹೇಬರಿಗೆ ಹೇಳಿದರು. ‘ಚಿರ್ತೆ ಕಣ್ಣು ಬ್ಯಾಟರಿಗೆ ಕೆಂಡದಂಗೆ ಹೊಳೀಬೇಕು. ಇದು ಒಂದೋ ಸತ್ತದೆ, ಇಲ್ದಿದ್ರೆ...’

ರಾತ್ರಿ ಸಂಚರಿಸುವ ಬಹಳಷ್ಟು ಪ್ರಾಣಿಗಳ ಕಣ್ಣಿನೊಳಗೆ ಹಿಂಭಾಗದಲ್ಲಿ ಬೆಳಕನ್ನು ತಿರುಗಿಸಿ ಕಳಿಸುವ ಪದರ ಇರುತ್ತದೆ, ಅದರಿಂದಲೇ ಬೆಕ್ಕಿನ ಕಣ್ಣು ಕತ್ತಲಲ್ಲಿ ಹೊಳೆಯುವುದು. ಇದನ್ನು ಬೋರ್ಡಿನ ಮೇಲೆ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ವರ್ಷವರ್ಷವೂ ಮಕ್ಕಳಿಗೆ ಹೇಳಿದವನು ನಾನು. ವಾಚರ್ ಮಾತು ಮುಗಿಯುವ ಮೊದಲೇ ನನಗೆ ಎಲ್ಲವೂ ತಿಳಿಯಿತು. ತಾರಸಿಯಿಂದ ಇಳಿಯಲು ಹಿಂದಿನ ಮೆಟ್ಟಿಲು ಇದೆಯೇ ಎಂದು ನೋಡಿದೆ. ಇರಲಿಲ್ಲ.

ವಾಚರ್ ಕೋಲು ಮುಂದೆ ಚಾಚಿಕೊಂಡು ನಿಧಾನವಾಗಿ ನಡೆದು ಹೋದರು. ಊರು ಉಸಿರು ಬಿಗಿಹಿಡಿಯಿತು. ಹತ್ತಿರ ಹೋಗಿ ಬಗ್ಗಿ ನೋಡಿದರು. ಆಮೇಲೆ ಅದರ ಕಿವಿ ಹಿಡಿದು ಎತ್ತಿ, ಹೆಗಲ ಮೇಲೆ ಹಾಕಿಕೊಂಡು, ಬೀಡಿ ಹಚ್ಚಿಕೊಂಡು ವಾಪಸು ಬಂದರು. ಹೆಗಲ ಮೇಲಿನಿಂದ ಅದರ ಹುಲಿಮುಖ ಊರಿನ ಕಡೆಗೇ ನಗುತ್ತಿತ್ತು. ಬಾಲದ ಬುಡದಲ್ಲಿ ‘ಬಿಸಿನೀರಿನಲ್ಲಿ ಒಗೆಯಬೇಡಿ’ ಎಂಬ ಗುರುತಿನ ಚೀಟಿ ನೇತಾಡುತ್ತಿತ್ತು.

ಮೊದಲು ನಕ್ಕದ್ದು ಆ ಅಜ್ಜಿ. ಆಮೇಲೆ ಊರಿಗೆ ಊರೇ. ಸಾಹೇಬರು ಮಾತ್ರ ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, ‘ಸಾರ್, ಈ ಕಡೆ ಜನ ಏನೇನು ಕಂಡಿದ್ದಾರೆ ಅಂತ ನಿಮಗೆ ಗೊತ್ತಿಲ್ವಾ? ನಾಳೆ ನಿಜವಾದ್ದು ಬಂದು ಯಾರಾದ್ರೂ ಫೋನ್ ಮಾಡಿದ್ರೆ, ಇನ್ನೊಂದು ಬೊಂಬೆ ಇರಬೇಕು ಅಂತ ಯಾರಾದ್ರೂ ಅಂದ್ಕೊಂಡ್ರೆ ಏನಾಗುತ್ತೆ?’ ಎಂದು ಮೆಲ್ಲಗೆ ಕೇಳಿದರು. ಜೋರು ಮಾಡಿದ್ದರೆ ಎದುರು ಮಾತಾಡಬಹುದಿತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊರಡುವಾಗ ವಾಚರ್ ಮಾತ್ರ ಬೊಂಬೆಯ ಬೆನ್ನು ಸವರಿ, ‘ಚುಕ್ಕೆ ಯಾರು ಬರೆದದ್ದು? ಅಚ್ಚುಕಟ್ಟಾಗಿ ಬಂದದೆ’ ಅಂದರು. ಅವತ್ತಿನ ರಾತ್ರಿ ನನಗೆ ಸಿಕ್ಕ ಒಳ್ಳೆಯ ಮಾತು ಅದೊಂದೇ, ಅದಕ್ಕೇ ಬರೆದಿಟ್ಟುಕೊಳ್ಳುತ್ತಿದ್ದೇನೆ.

ಆಮೇಲೆ ಹುಡುಕಿ ಓದಿದೆ, ನನ್ನಂಥವರು ಬೇರೆ ಕಡೆಯೂ ಇದ್ದಾರೆ. ಇಂಗ್ಲೆಂಡಿನ ಹ್ಯಾಂಪ್‌ಷೈರ್‌ನಲ್ಲಿ 2011ರ ಮೇ ತಿಂಗಳಲ್ಲಿ ಬಯಲಿನಲ್ಲಿ ಬಿಳಿ ಹುಲಿ ಕೂತಿದೆ ಎಂದು ಸುದ್ದಿ ಹೋಗಿ, ಪೊಲೀಸರ ಹೆಲಿಕಾಪ್ಟರೇ ಬಂದಿತ್ತು. ಹತ್ತಿರದಲ್ಲಿ ನಡೆಯುತ್ತಿದ್ದ ಕ್ರಿಕೆಟ್ ಆಟ ನಿಂತಿತ್ತು. ಮೈಬಿಸಿ ಗುರುತಿಸುವ ಕ್ಯಾಮೆರಾದಲ್ಲಿ ಬಿಸಿಯೇ ಕಾಣದಿದ್ದಾಗ ಅನುಮಾನ ಬಂತು, ಹೆಲಿಕಾಪ್ಟರಿನ ಗಾಳಿಗೆ ಹುಲಿ ಮಗುಚಿಕೊಂಡಾಗ ಖಾತ್ರಿಯಾಯಿತು. ಇದನ್ನು ಭಾವಮೈದನಿಗೆ ಓದಿ ಹೇಳಿದೆ. ‘ಅಲ್ಲಿ ಅದನ್ನ ಇಟ್ಟೋನೇ ಮುಂದೆ ನಿಂತು ಪಾಠ ಮಾಡಿದ್ನಾ ಭಾವ?’ ಎಂದು ಕೇಳಿದ. ಆ ವಿವರ ವರದಿಯಲ್ಲಿ ಇರಲಿಲ್ಲ.

ಬೆಳಿಗ್ಗೆ ಅತ್ತೆ, ಅಳಿಯಂದಿರ ಮೇಲೆ ಊರವರ ಕಣ್ಣೆಲ್ಲ ಬಿದ್ದಿದೆ ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲೇ ಇಲ್ಲ, ಭಾರಿ ದೃಷ್ಟಿ ಎಂದು ತೀರ್ಮಾನವಾಯಿತು. ಬೊಂಬೆಯನ್ನು ನಂಜನಗೂಡಿಗೆ ವಾಪಸು ತರುವುದಕ್ಕೆ ನಾನು ಒಪ್ಪಲಿಲ್ಲ, ಬಸ್ಸಿನಲ್ಲಿ ಅದೇ ಕಂಡಕ್ಟರ್ ಇದ್ದರೆ ಎಂಬ ಭಯ. ಭಾವಮೈದ ಮನೆಯ ಮೇಲೆ ಹೊಸದಾಗಿ ಕಟ್ಟಿಸುತ್ತಿದ್ದ ಅಂತಸ್ತಿಗೆ, ಬೂದುಗುಂಬಳದ ಪಕ್ಕದಲ್ಲಿ, ದೃಷ್ಟಿಬೊಂಬೆಯಾಗಿ ಅದನ್ನು ನೇತುಹಾಕಿದ. ಸದ್ಯ ಒಂದು ಕೆಲಸಕ್ಕಾದರೂ ಬಂತಲ್ಲ ಎಂದು ನಾನೂ ಸುಮ್ಮನಾದೆ.

ಮೊನ್ನೆ ಫೋನ್ ಮಾಡಿದ್ದ.

‘ಭಾವ, ಕೋತಿಗಳು ಮೊದಲು ತೋಟಕ್ಕೆ ಮಾತ್ರ ಬರ್ತಿದ್ವು. ಈಗ ಸೀದಾ ಮನೆಗೇ ಬರ್ತವೆ.’

‘ಯಾಕಂತೆ?’

‘ನಿಮ್ಮ ಚಿರತೆ ಹೊಟ್ಟೇಲಿ ಹತ್ತಿ ಅದೆ ಅಂತ ಗೊತ್ತಾಗೋಯ್ತು. ಕಿತ್ತು ಕಿತ್ತು ಮರದ ಮೇಲೆ ಹಾಸ್ಕೊಂಡು ಮಲಗ್ತಿದಾವೆ. ಪಕ್ಕದೂರಿನ ಗುಂಪೂ ಬಂದದೆ.’